ಎತ್ತಿಲ್ಲದ ಗಾಣದ ಕಥೆ

ಇವತ್ತು ಬೆಂಗಳೂರಲ್ಲಿ ಸಣ್ಣದೊಂದು ಬಿಸಿನೆಸ್ ಶುರು ಮಾಡಿದ ಯಾರನ್ನೇ ಕೇಳಿ, ಮೊದಲು ಬರೋ ಮಾತು ರೀಲ್ಸ್, ಆಮೇಲಿನದು ಸ್ಟೋರಿ. ಮೂವತ್ತು ಸೆಕೆಂಡಿನ ರೀಲ್ ಜನರನ್ನ ಒಂದು ಗಳಿಗೆ ನಿಲ್ಲಿಸುತ್ತೆ, ನಂಬಿಸೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತಾಗಿದೆ. ಅದಕ್ಕೇ ಈಗ ಹತ್ತು, ಇಪ್ಪತ್ತು ನಿಮಿಷದ ವಿಡಿಯೊಗಳ ಕಾಲ. ಕಾಫಿಪುಡಿ ಮಾರುವವರು ತೋಟದ ಕಥೆ ಹೇಳ್ತಾರೆ, ಸೀರೆ ಮಾರುವವರು ಮಗ್ಗದ ಕಥೆ ಹೇಳ್ತಾರೆ. ನೋಡೋಕೆ ಚೆನ್ನಾಗೇ ಇರ್ತವೆ. ಆದ್ರೆ ನಾಲ್ಕೈದು ನೋಡಿದ ಮೇಲೆ ಎಲ್ಲದರಲ್ಲೂ ಅದೇ ಸೂರ್ಯೋದಯ, ಅದೇ ಕೊಳಲು, ಅದೇ ಅಜ್ಜಿಯ ಸುಕ್ಕುಗಟ್ಟಿದ ಕೈ.

ನಮ್ಮ ವಯಸ್ಸಿನವರಿಗೆ ಕಥೆಯೊಳಗೆ ಜಾಹೀರಾತು ಹೊಸದೇನಲ್ಲ. 2015ರಲ್ಲಿ ಟಿವಿಎಫ್‌ನವರ ‘ಪಿಚರ್ಸ್’ ಬಂದಾಗ ನಾನು ಪಿಜಿಯಲ್ಲಿದ್ದೆ. ಒಂದೇ ಲ್ಯಾಪ್‌ಟಾಪಿನ ಸುತ್ತ ಐದಾರು ಜನ ಕೂತು, ಕೆಲಸ ಬಿಟ್ಟು ಸ್ಟಾರ್ಟಪ್ ಮಾಡೋ ಆ ಗೆಳೆಯರ ಕಥೆಯನ್ನ ಐದು ಕಂತೂ ನೋಡಿದ್ವಿ. ಅದರ ಹಿಂದಿದ್ದ ಬ್ರ್ಯಾಂಡ್ ಕಿಂಗ್‌ಫಿಶರ್. ಅದಕ್ಕಿಂತ ಮೊದಲು, 2014ರ ‘ಪರ್ಮನೆಂಟ್ ರೂಮ್‌ಮೇಟ್ಸ್’ ಹಿಂದಿದ್ದದ್ದು ನಮ್ಮ ಬೆಂಗಳೂರಿನ ಕಾಮನ್‌ಫ್ಲೋರ್. 2016ರ ‘ಟ್ರಿಪ್ಲಿಂಗ್’ನಲ್ಲಿ ಅಣ್ಣ, ತಂಗಿ, ತಮ್ಮ ಮೂವರೂ ಊರೂರು ಸುತ್ತಿದ್ದು ಟಾಟಾ ಟಿಯಾಗೋದಲ್ಲಿ. ಜಾಹೀರಾತು ಅಂತ ಗೊತ್ತಿದ್ದೂ ನಾವ್ಯಾರೂ ಸ್ಕಿಪ್ ಮಾಡ್ಲಿಲ್ಲ. ಆ ಪಾತ್ರಗಳಿಗೆ ಭಯ ಇತ್ತು, ಮನೇಲಿ ಜಗಳ ಇತ್ತು. ಮಾರಬೇಕಾದ ವಸ್ತು ಒಂದು ಮೂಲೇಲಿ ಸುಮ್ಮನೆ ಕೂತಿತ್ತು.

ಇದೇ ಕೆಲಸವನ್ನ ಅದಕ್ಕೂ ಬಹಳ ಮೊದಲೇ, ಬಹಳ ದೊಡ್ಡದಾಗಿ ಮಾಡಿದವರು ಗುಜರಾತಿನ ಹಾಲು ಉತ್ಪಾದಕರು. 1976ರ ‘ಮಂಥನ್’ ಸಿನಿಮಾಕ್ಕೆ ದುಡ್ಡು ಹಾಕಿದ್ದು ಐದು ಲಕ್ಷ ರೈತರು, ತಲಾ ಎರಡು ರೂಪಾಯಿ. ನಿರ್ದೇಶನ ಶ್ಯಾಮ್ ಬೆನಗಲ್, ಚಿತ್ರಕಥೆ ವಿಜಯ್ ತೆಂಡೂಲ್ಕರ್. ಹಾಲಿನ ಸೊಸೈಟಿ ಕಟ್ಟೋಕೆ ಹಳ್ಳಿಗೆ ಬರೋ ಪಶುವೈದ್ಯ ಡಾ. ರಾವ್ ಆಗಿ ನಮ್ಮ ಗಿರೀಶ್ ಕಾರ್ನಾಡ್, ಅವರ ತಂಡದಲ್ಲಿ ಅನಂತ್ ನಾಗ್. ಆ ಸಿನಿಮಾದಲ್ಲಿ ಬೆಣ್ಣೆ ತಗೊಳ್ಳಿ, ಹಾಲು ಕುಡೀರಿ ಅಂತ ಯಾರೂ ಹೇಳಲ್ಲ. ಬದಲಿಗೆ ಊರಿನ ಜಾತಿ ಜಗಳ ಇದೆ, ಸೊಸೈಟಿ ಬೇಡ ಅನ್ನೋ ಸರಪಂಚ ಇದ್ದಾನೆ, ಖಾಸಗಿ ಡೈರಿಯ ಮಾಲೀಕ ಇದ್ದಾನೆ. ಕೊನೆಗೆ ಡಾಕ್ಟರೇ ಊರು ಬಿಟ್ಟು ಹೋಗಬೇಕಾಗುತ್ತೆ, ಸೊಸೈಟಿಯನ್ನ ಊರಿನ ಹುಡುಗ ಭೋಲಾ ಮುಂದುವರಿಸ್ತಾನೆ. ತಮ್ಮ ಸೊಸೈಟಿಯ ಸಿನಿಮಾದಲ್ಲಿ ತಮ್ಮ ಸೋಲು, ತಮ್ಮ ಸಣ್ಣತನ ಎರಡನ್ನೂ ತೋರಿಸೋಕೆ ದುಡ್ಡು ಕೊಟ್ಟವರು ಆ ರೈತರು. ಸಿನಿಮಾ ಬಿಡುಗಡೆಯಾದಾಗ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದು ನೋಡಿದರು. ಆಮೇಲೆ ಅದೇ ಸಿನಿಮಾವನ್ನ ಬೇರೆ ಬೇರೆ ಊರುಗಳಿಗೆ ಒಯ್ದು ತೋರಿಸಿ, ಸೊಸೈಟಿ ಕಟ್ಟೋಕೆ ಜನರನ್ನ ಒಪ್ಪಿಸಿದ್ದೂ ಇದೆ. 2024ರಲ್ಲಿ ಅದರ ಹೊಸ ಪ್ರಿಂಟ್ ಕಾನ್ ಚಿತ್ರೋತ್ಸವಕ್ಕೂ ಹೋಗಿಬಂತು. ಯಾವ ಮಾರ್ಕೆಟಿಂಗ್ ವಿಡಿಯೊಗೆ ಇಷ್ಟು ಆಯಸ್ಸಿದೆ ಹೇಳಿ!

ನಂಗೆ ಈ ಸಿನಿಮಾ ಹತ್ತಿರ ಆಗೋಕೆ ಕಾರಣ ಇದೆ. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹಾಲಿನ ಸಂಘಗಳು ಶುರುವಾಗಿದ್ದು ಅದೇ ಗುಜರಾತಿನ ಮಾದರಿಯಲ್ಲಿ. ನಾನು ಓದಿದ್ದು ಆ ಡೈರಿ ದುಡ್ಡಲ್ಲಿ. ಬೆಳಗ್ಗೆ ಸಂಜೆ ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತು, ಸೆಕ್ರೆಟರಿ ಲ್ಯಾಕ್ಟೋಮೀಟರ್ ಇಳಿಬಿಡೋವಾಗ ಉಸಿರು ಹಿಡಿದು ನೋಡ್ತಿದ್ದೆ.

ಈಗ ನಮ್ಮ ಮನೆಯ ವಿಷಯಕ್ಕೆ ಬರ್ತೀನಿ. ಚಿಕ್ಕಪ್ಪನ ಮಗ, ನನ್ನ ತಮ್ಮ, ಶಿರಾ ಹತ್ತಿರದ ನಮ್ಮೂರಲ್ಲಿ ಮರದ ಗಾಣ ಹಾಕಿದ್ದಾನೆ. ಬ್ಯಾಂಕ್ ಸಾಲ ಇದೆ, ತಿಂಗಳಾದರೆ ಕಂತು ಕಟ್ಟಬೇಕು. ಕಡ್ಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ತೆಗೀತಾನೆ. ರೀಲ್ಸ್ ಮಾಡಿ ಮಾಡಿ ಸಾಕಾಗಿತ್ತು. ಲೈಕ್ ಬರ್ತಿತ್ತು, ಆರ್ಡರ್ ಬರ್ತಿರಲಿಲ್ಲ. ಕೊನೆಗೆ ಬೆಂಗಳೂರಿನ ಒಂದು ಏಜೆನ್ಸಿಯವರ ಹತ್ರ ಮಾತಾಡಿದ. ಅವರು ಕಳಿಸಿದ ಸ್ಕ್ರಿಪ್ಟ್ ಅನ್ನು ನಂಗೂ ವಾಟ್ಸಾಪ್ ಮಾಡಿದ. ಮುಂಜಾವು, ಎತ್ತು ತಿರುಗಿಸ್ತಿರೋ ಗಾಣ, ಸಾಲದಿಂದ ಕಂಗೆಟ್ಟ ಅಪ್ಪ, ಮಣ್ಣು ಹಿಡಿದು ಅಳೋದು, ಮಗ ಬಂದು ಹೆಗಲ ಮೇಲೆ ಕೈ ಇಡೋದು.

ನಮ್ಮ ಗಾಣ ತಿರುಗೋದು ಮೋಟಾರಲ್ಲಿ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೋ ಆವಾಗ ಕೆಲಸ, ಒಮ್ಮೊಮ್ಮೆ ನಡುರಾತ್ರಿ. ಅದನ್ನ ಹೇಳಿದ್ದಕ್ಕೆ ಅವರು, ಶೂಟಿಂಗ್ ದಿನಕ್ಕೆ ಎತ್ತು ಬಾಡಿಗೆಗೆ ಸಿಗುತ್ತಾ ಅಂತ ಕೇಳಿದರಂತೆ. ಚಿಕ್ಕಪ್ಪನಿಗೆ ಸ್ಕ್ರಿಪ್ಟ್ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ನಾನ್ ಯಾವತ್ ಅತ್ತಿದ್ನಲಾ?”

ಆ ಸ್ಕ್ರಿಪ್ಟ್ ಅಲ್ಲಿಗೇ ನಿಂತಿತು. ಒಂದು ವಾರ ರಜೆ ಹಾಕಿ ನಾನು ಊರಿಗೆ ಹೋದೆ. ಫೋನು, ಒಂದು ಟ್ರೈಪಾಡು, ಕಾಲರ್‌ಗೆ ಸಿಗಿಸೋ ಮೈಕು. ಚಳ್ಳಕೆರೆ ಮಾರ್ಕೆಟ್ಟಿಂದ ಕಡ್ಲೆಬೀಜ ತರೋದ್ರಿಂದ ಹಿಡಿದು ಎಣ್ಣೆ ಮಡ್ಡಿ ತಳಕ್ಕೆ ಇಳಿಯೋವರೆಗೆ ಶೂಟ್ ಮಾಡಿದ್ವಿ. ನಡುವೆ ತಮ್ಮ ಕ್ಯಾಮೆರಾ ಮುಂದೆ ಕೂತು ಲೆಕ್ಕ ಹೇಳಿದ. ಒಂದು ಲೀಟರ್ ಎಣ್ಣೆಗೆ ಹೆಚ್ಚುಕಮ್ಮಿ ಎರಡೂವರೆ ಕೆಜಿ ಬೀಜ ಬೇಕು. ಕೆಜಿಗೆ 120 ರೂಪಾಯಿ ಹಿಡಿದ್ರೂ ಬೀಜಕ್ಕೇ 300 ಆಯ್ತು. ಹಿಂಡಿ ಮಾರಿದ್ದು ಸ್ವಲ್ಪ ವಾಪಸ್ ಬರುತ್ತೆ. ಆದ್ರೆ ಕೂಲಿ, ಕರೆಂಟು, ಬಾಟಲಿ, ಕೊರಿಯರ್ ಎಲ್ಲ ಇದರ ಮೇಲೆ.

ಆಗ ಪಕ್ಕದಲ್ಲಿ ಚೀಲ ಹೊಲೀತಿದ್ದ ಚಿಕ್ಕಪ್ಪ ತಲೆ ಎತ್ತದೇ ಅಂದರು: “ಈ ರೇಟಿಗೆ ನಮ್ಮೂರಾಗೆ ಯಾರ್ ತಗಂತಾರೆ? ನಮ್ಮನೇಲೇ ಹಬ್ಬಕ್ಕೆ ಮಾತ್ರ ಇದು. ದಿನಾ ಪಾಮಾಯಿಲೇ.”

ಅದು ರೆಕಾರ್ಡ್ ಆಗಿತ್ತು.

ರಾತ್ರಿ ಎಡಿಟ್ ಮಾಡೋವಾಗ ಇದೇ ಮಾತಿನ ಮೇಲೆ ಜಗಳ. “ಅಣ್ಣ, ಇದನ್ನ ತೆಗೀಲೇಬೇಕು. ಮಾಡೋನೇ ತಿನ್ನಲ್ಲ ಅಂದ್ರೆ ಕೊಳ್ಳೋರು ಯಾರು?” ಅಂದ ತಮ್ಮ. ಅವನ ಮಾತಲ್ಲಿ ತಪ್ಪೇನಿರಲಿಲ್ಲ. ಕಂತು ಕಟ್ಟೋನು ಅವನು, ನಾನಲ್ಲ. ಚಿಕ್ಕಮ್ಮ ಒಲೆ ಮುಂದಿಂದಲೇ ಹೇಳಿದರು: “ಊರೋರೆಲ್ಲ ಫೋನಾಗೆ ನೋಡ್ತಾರೆ ಕಣಪ್ಪ. ನಾನು ಅಂಗಡೀಲಿ ಏನ್ ತತ್ತೀನಿ ಅಂತ ಅವರಿಗ್ ಗೊತ್ತಿಲ್ವಾ? ಅದನ್ನ ಬಿಟ್ರೆ ಮಿಕ್ಕಿದ್ದೂ ಸುಳ್ಳೇ ಅಂತಾರೆ.”

ಮಾತು ಉಳೀತು. ಅದರ ಹಿಂದೆಯೇ ತಮ್ಮನ ಉತ್ತರವನ್ನೂ ಸೇರಿಸಿದ್ವಿ: ಹೌದು, ನಮಗೂ ದಿನಾ ಆಗಲ್ಲ, ಅದಕ್ಕೇ ಆಗೋರನ್ನ ಹುಡುಕ್ತಿದೀವಿ. ಒಟ್ಟು ಇಪ್ಪತ್ತೆರಡು ನಿಮಿಷದ ವಿಡಿಯೊ.

ವೈರಲ್ ಆಯ್ತಾ? ಇಲ್ಲ. ಸಾವಿರ ವ್ಯೂಸ್ ದಾಟೋಕೆ ತಿಂಗಳಾಯ್ತು. ನೀವೇ ತಿನ್ನದ್ದನ್ನ ನಮಗ್ಯಾಕೆ ಮಾರ್ತೀರ ಅಂತ ಒಬ್ಬರು ಕೇಳಿದರು. ಆದ್ರೆ ಯೂಟ್ಯೂಬಿನ ರಿಟೆನ್ಶನ್ ಗ್ರಾಫ್ ನೋಡಿದಾಗ, ಲೆಕ್ಕ ಹೇಳೋ ಜಾಗದಲ್ಲೂ ಚಿಕ್ಕಪ್ಪನ ಮಾತಲ್ಲೂ ಗೆರೆ ಇಳಿಯೋ ಬದಲು ಎದ್ದಿತ್ತು. ಅಂದ್ರೆ ಜನ ಹಿಂದಕ್ಕೆ ಹೋಗಿ ಮತ್ತೆ ನೋಡಿದ್ದಾರೆ. ಫೋನ್ ಮಾಡಿದವರ ಪ್ರಶ್ನೆಗಳೂ ಬದಲಾದವು. ಡಿಸ್ಕೌಂಟ್ ಇದೆಯಾ ಅನ್ನೋರು ಕಮ್ಮಿಯಾದ್ರು. ಹಿಂಡಿ ಯಾರಿಗೆ ಕೊಡ್ತೀರ, ಮಡ್ಡಿ ಇಳಿಯೋಕೆ ಎಷ್ಟು ದಿನ ಬಿಡ್ತೀರ ಅಂತ ಕೇಳೋರು ಬಂದರು. ಅವರಲ್ಲಿ ಕೆಲವರು ಈಗ ತಿಂಗಳು ತಿಂಗಳು ತರಿಸ್ತಾರೆ. ಕಂತು ಹಗುರಾಗಿಲ್ಲ, ಆದ್ರೆ ತಪ್ಪಿಲ್ಲ.

ಬಿಸಿನೆಸ್ಸಿಗೆ ಉದ್ದದ ವಿಡಿಯೊ ಮಾಡೋರಿಗೆ ಕ್ಯಾಮೆರಾ, ಲೈಟು, ಹುಕ್ಕು ಅಂತ ಸಲಹೆ ಕೊಡೋರು ಬಹಳ ಜನ ಇದ್ದಾರೆ. ನಂಗೆ ಗೊತ್ತಿರೋ ಪರೀಕ್ಷೆ ಒಂದೇ. ವಿಡಿಯೊದಲ್ಲಿರೋ ಜನ ಊರವರ ಜೊತೆ ಕೂತು ಅದನ್ನ ತಲೆ ತಗ್ಗಿಸದೆ ನೋಡಬಹುದಾ? ಮೂವತ್ತು ಸೆಕೆಂಡಿನಲ್ಲಿ ಬಾಡಿಗೆ ಎತ್ತು ನಡೆದುಹೋಗುತ್ತೆ. ಇಪ್ಪತ್ತು ನಿಮಿಷದಲ್ಲಿ ಅದು ಯಾರದ್ದು ಅಂತ ಯಾರಾದರೂ ಕೇಳೇ ಕೇಳ್ತಾರೆ.

ತಮ್ಮ ಈಗ ಎರಡನೇ ವಿಡಿಯೊಗೆ ತಯಾರಿ ಮಾಡ್ತಿದ್ದಾನೆ, ಬೀಜ ಆರಿಸೋ ಹೆಂಗಸರ ಬಗ್ಗೆ. ವಿಷಯ ಹೇಳಿದಾಗ ಅವರಲ್ಲೊಬ್ಬರು, “ನಮ್ ಮುಖ ತೋರ್ಸಿ ಎಣ್ಣೆ ಮಾರ್ತೀಯ, ನಮಗೇನ್ ಕೊಡ್ತೀಯಪ್ಪ?” ಅಂದರಂತೆ. ಶೂಟಿಂಗ್ ದಿನದ ಕೂಲಿ ಕೊಡ್ತೀನಿ ಅಂದಿದ್ದಾನೆ. ಅದು ಸಾಕಾ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ, ಅದಕ್ಕೇ ಕ್ಯಾಮೆರಾ ಇನ್ನೂ ಆನ್ ಆಗಿಲ್ಲ.