ಎಂಜಿನು ಕಟ್ಟುವ ಕೈಗಳು

ರಾಕೆಟ್ಟಿನ ಎಂಜಿನನ್ನು ಯಾರು ತಯಾರಿಸುತ್ತಾರೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು "ಇಸ್ರೋ" ಎಂದು ಒಂದೇ ಮಾತಿನಲ್ಲಿ ಉತ್ತರಿಸುತ್ತಾರೆ. ಮೇಷ್ಟ್ರ ಹಳೆಯ ಅಭ್ಯಾಸದಂತೆ ನಾನು ಈ ಉತ್ತರಕ್ಕೆ ಅರ್ಧ ಅಂಕವನ್ನಷ್ಟೇ ಕೊಟ್ಟೇನು.

ವಿನ್ಯಾಸ ಇಸ್ರೋದ್ದು ಎಂಬುದು ನಿಜ. ವಲಿಯಮಲೆ ಮತ್ತು ಬೆಂಗಳೂರಿನಲ್ಲಿರುವ ಅದರ ದ್ರವ ನೋದನ ಕೇಂದ್ರ ಎಂಜಿನನ್ನು ರೂಪಿಸುತ್ತದೆ. ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಅದನ್ನು ಉರಿಸಿ ಪರೀಕ್ಷಿಸುತ್ತಾರೆ. ಆದರೆ ಲೋಹವನ್ನು ಕಡೆದು, ಕೊರೆದು, ಬೆಸೆಯುವ ಕೆಲಸದ ದೊಡ್ಡ ಪಾಲು ದಶಕಗಳಿಂದ ನಡೆದಿರುವುದು ಮುಂಬಯಿಯ ಗೋದ್ರೆಜ್, ಹೈದರಾಬಾದಿನ ಎಂಟಿಎಆರ್ ಮುಂತಾದ ಕಾರ್ಖಾನೆಗಳಲ್ಲಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿಯೂ 208 ಕೋಟಿ ರೂಪಾಯಿ ವೆಚ್ಚದ ಕ್ರಯೋಜೆನಿಕ್ ಎಂಜಿನ್ ಘಟಕ ಉದ್ಘಾಟನೆಯಾಯಿತು.

'ವಿಕಾಸ್' ಎಂಜಿನಿನ ಕಥೆಯನ್ನೇ ನೋಡಿ. 1974ರಲ್ಲಿ ಫ್ರಾನ್ಸಿನ ಎಸ್‌ಇಪಿ ಸಂಸ್ಥೆಯೊಡನೆ ಒಪ್ಪಂದವಾಯಿತು. ಆ ವಿದ್ಯೆಗೆ ನಾವು ಕೊಟ್ಟ ಬೆಲೆ ಮುಖ್ಯವಾಗಿ ದುಡಿಮೆ. ನಂಬಿ ನಾರಾಯಣನ್ ಮುಂತಾದ ನಮ್ಮ ಎಂಜಿನಿಯರುಗಳು ಫ್ರಾನ್ಸಿನಲ್ಲಿದ್ದು, ಅಲ್ಲಿನವರ ಜೊತೆ ಕೆಲಸ ಮಾಡುತ್ತಲೇ ಕಲಿತು ಬಂದರು.

ಕ್ರಯೋಜೆನಿಕ್ ಎಂಜಿನಿನ ವಿಷಯದಲ್ಲಿ ಅದೃಷ್ಟ ಅಷ್ಟು ಸುಲಭವಾಗಿ ಒಲಿಯಲಿಲ್ಲ. ಉಡುಪಿ ಸೀಮೆಯ ಅದಮಾರಿನವರಾದ ಯು. ಆರ್. ರಾವ್ ಇಸ್ರೋದ ಅಧ್ಯಕ್ಷರಾಗಿದ್ದಾಗ, 1991ರಲ್ಲಿ, ಗ್ಲಾವ್‌ಕಾಸ್ಮೋಸ್ ಸಂಸ್ಥೆಯೊಡನೆ ಕರಾರಾಯಿತು. ಮರುವರ್ಷ ಅಮೆರಿಕ ನಿರ್ಬಂಧ ಹೇರಿತು. 1993ರಲ್ಲಿ ರಷ್ಯಾ ತಂತ್ರಜ್ಞಾನ ಕೊಡಲು ಹಿಂದೆಗೆದು, ಸಿದ್ಧ ಎಂಜಿನುಗಳನ್ನು ಮಾತ್ರ ಕೊಡಲು ಒಪ್ಪಿತು. ನಮ್ಮದೇ ಎಂಜಿನು ಹೊತ್ತ ಮೊದಲ ರಾಕೆಟ್ 2010ರ ಏಪ್ರಿಲ್ 15ರಂದು ವಿಫಲವಾಯಿತು. 2014ರ ಜನವರಿ 5ರಂದು ಗೆದ್ದಿತು.

ಇಷ್ಟು ಕಾಲ ಏಕೆ ಬೇಕಾಯಿತು? ದ್ರವ ಜಲಜನಕ ಇರುವುದು ಶೂನ್ಯಕ್ಕಿಂತ 253 ಡಿಗ್ರಿ ಕೆಳಗೆ. ಅದು ಉರಿಯುವ ಕೋಣೆಯಲ್ಲಿ ಸಾವಿರಾರು ಡಿಗ್ರಿ ಶಾಖ. ಎರಡರ ನಡುವೆ ತೆಳುವಾದ ಲೋಹದ ಗೋಡೆ. ಸೂತ್ರವನ್ನು ಪುಸ್ತಕದಲ್ಲಿ ಓದಬಹುದು. ಆ ಗೋಡೆಯನ್ನು ಬಿರುಕಿಲ್ಲದಂತೆ ಕಟ್ಟುವ ಹದ ಕೈಗೇ ದಕ್ಕಬೇಕು.

ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಬೆಸುಗೆಯ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನು ಬೆಸೆದ ಪ್ರತಿ ಜೋಡಣೆಯನ್ನೂ ಎಕ್ಸ್‌ರೇ ಹಿಡಿದು ನೋಡುತ್ತಾರಂತೆ. "ಸಾರ್, ನಿಮ್ಮ ಪರೀಕ್ಷೆಯಲ್ಲಿ ಮೂವತ್ತೈದಕ್ಕೆ ಪಾಸಾಗುತ್ತಿದ್ದೆ. ಇಲ್ಲಿ ನೂರಕ್ಕೆ ನೂರು ಬಂದರಷ್ಟೇ ಪಾಸು" ಎಂದು ನಕ್ಕ. ಅವನಿಗೆ ಹೆಣ್ಣು ನೋಡಲು ಹೊರಟಾಗ ಎರಡು ಮನೆಯವರು 'ವೆಲ್ಡರ್' ಎಂಬ ಪದ ಕೇಳಿಯೇ ಮಾತು ನಿಲ್ಲಿಸಿದ್ದರು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನನ್ನ ಅಕ್ಕನ ಮೊಮ್ಮಗ ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ಪಡೆದು, ಟೂಲ್ ಅಂಡ್ ಡೈ ಡಿಪ್ಲೊಮಾ ಸೇರುತ್ತೇನೆಂದು ಹಟ ಹಿಡಿದಿದ್ದಾನೆ. "ಇಷ್ಟು ಅಂಕ ಬಂದೂ ಲೇಥಿನ ಮುಂದೆ ನಿಲ್ಲುವುದೇ?" ಎಂದು ಮನೆಯವರೆಲ್ಲ ಬೇಸರಗೊಂಡಿದ್ದಾರೆ. ಪಿಯುಸಿಯೂ ಒಳ್ಳೆಯದೇ, ಅದನ್ನು ಬಯಸುವ ಮಕ್ಕಳಿಗೆ. ಇವನು ಹತ್ತನೆಯ ವಯಸ್ಸಿನಲ್ಲೇ ನಮ್ಮ ಮನೆಯ ಹೊಲಿಗೆ ಯಂತ್ರವನ್ನು ಬಿಚ್ಚಿ, ಒಂದು ತಿರುಪೂ ಉಳಿಯದಂತೆ ಮತ್ತೆ ಜೋಡಿಸಿದವನು. ಚಂದ್ರಯಾನ-3 ಚಂದ್ರನ ಮೇಲೆ ಇಳಿದ 2023ರ ಆಗಸ್ಟ್ 23ರಂದು ಚಪ್ಪಾಳೆ ತಟ್ಟಿದ ನಾವೇ, ಅಂಥ ಕೆಲಸ ಮಾಡಬಲ್ಲ ಕೈಯನ್ನು ನಮ್ಮ ಮನೆಯಲ್ಲಿ ತಡೆಯಬಾರದು.

ಅಕ್ಕಾ, ಅರ್ಜಿ ಹಾಕುವ ಕೊನೆಯ ದಿನ ಹತ್ತಿರವಾಗುತ್ತಿದೆ. ಇದನ್ನು ನಿನ್ನ ಮಗನಿಗೆ ಓದಿ ಹೇಳು.