ಸಿರುಗುಪ್ಪದ ಭತ್ತಕ್ಕೆ ಸೊನ್ನೆ ದರ

ಸಿರುಗುಪ್ಪದ ಭತ್ತದ ದರ, ಕುರುಗೋಡಿನ ಮೆಣಸಿನಕಾಯಿ ದರ ತೋರಿಸುವ ಆ್ಯಪ್ ಒಂದಿದೆ ಎಂದುಕೊಳ್ಳಿ. ಗ್ರಾಫ್‌ಕ್ಯೂಎಲ್ ಸರ್ವರ್ ಕೊಡುವ ಉತ್ತರವನ್ನು ತುಂಬಿಕೊಳ್ಳುವ ಸ್ಟ್ರಕ್ಟನ್ನು ಗೋ ಭಾಷೆಯಲ್ಲಿ ಕೈಯಾರೆ ಬರೆದಿದ್ದಾರೆ. ಅದರ ಒಂದು ಫೀಲ್ಡಿನ ಹೆಸರಿನಲ್ಲಿ ಅಕ್ಷರ ತಪ್ಪಿದರೂ ಗೋ ದೂರುವುದಿಲ್ಲ. ಆ ಜಾಗದಲ್ಲಿ ಸೊನ್ನೆ ಉಳಿಯುತ್ತದೆ. ಬಳ್ಳಾರಿಯ ಎಪಿಎಂಸಿಗೆ ಹೊರಟ ರೈತನಿಗೆ ದರ ಸೊನ್ನೆ ಎಂದು ಕಾಣುವುದು, ಆ್ಯಪ್ ನಿಂತೇ ಹೋಗುವುದಕ್ಕಿಂತ ಕೆಟ್ಟದ್ದು. ಪೈಥಾನ್‌ನಿಂದ ಗೋಗೆ ಹೊರಳಿದ ಖಾನ್ ಅಕಾಡೆಮಿ 2021ರಲ್ಲಿ ಹೊರತಂದ ಜೆನ್‌ಕ್ಲೈಂಟ್ ಎಂಬ ಉಪಕರಣ ಇದಕ್ಕೆ ಸರಿಯಾದ ಮದ್ದು: ನಾವು ಕ್ವೆರಿ ಮಾತ್ರ ಬರೆಯುತ್ತೇವೆ, ಅದು ಸರ್ವರಿನ ಸ್ಕೀಮಾದೊಂದಿಗೆ (ಯಾವ ಫೀಲ್ಡು, ಯಾವ ಟೈಪು ಎಂಬ ವಿವರ) ತಾಳೆ ನೋಡಿ ಫಂಕ್ಷನ್ನು, ಸ್ಟ್ರಕ್ಟು ಎರಡನ್ನೂ ತಾನೇ ಬರೆದುಕೊಡುತ್ತದೆ. ತಪ್ಪಿದ್ದರೆ ಕೋಡ್ ಹುಟ್ಟುವುದೇ ಇಲ್ಲ.

ಸ್ಕೀಮಾ ನಾಳೆ ಬದಲಾದರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಉದಾಹರಣೆಗೆ, 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹೊಸಪೇಟೆ, ಕೂಡ್ಲಿಗಿಗಳು ಬಳ್ಳಾರಿಯ ಕೈಬಿಟ್ಟವು. ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು ಸ್ಕೀಮಾದಲ್ಲಿ ಎನಮ್ (ನಿಗದಿತ ಹೆಸರುಗಳ ಪಟ್ಟಿ) ಆಗಿದ್ದರೆ, ಹೊಸ ಸ್ಕೀಮಾ ತಂದು ಕೋಡನ್ನು ಮತ್ತೆ ಹುಟ್ಟಿಸಿದೊಡನೆ ಆ ಹೆಸರುಗಳು ಮಾಯವಾಗುತ್ತವೆ. ಅವನ್ನು ಬಳಸಿದ ಸಾಲುಗಳನ್ನೆಲ್ಲ ಕಂಪೈಲರ್ ಬೊಟ್ಟುಮಾಡಿ ತೋರಿಸುತ್ತದೆ. ಆದರೆ ಸ್ಕೀಮಾ ತರುವುದನ್ನೇ ಮರೆತರೆ ಈ ಕಾವಲು ಇಲ್ಲ. ಹಾಗಾಗಿ ಅದು ಪ್ರತಿ ಬಿಲ್ಡ್‌ನಲ್ಲೂ ತಾನಾಗಿ ನಡೆಯಬೇಕು. ಇನ್ನು ದರ ಕ್ವಿಂಟಲಿನದೋ ಕಿಲೋದ್ದೋ ಎಂಬುದು ಟೈಪಿಗೆ ತಿಳಿಯದು, ಎರಡೂ ಅದಕ್ಕೆ ಬರೀ ಸಂಖ್ಯೆ. ಅಳತೆಗೊಂದು ಪ್ರತ್ಯೇಕ ಫೀಲ್ಡನ್ನು ಸ್ಕೀಮಾದಲ್ಲಿ ಮನುಷ್ಯರೇ ಇಡಬೇಕು.