ಕೋಷ್ಟಕದ ಎರಡು ಸಾಲುಗಳು

"ಅಮೆರಿಕಾದಲ್ಲಿಯೂ ಹೋಮ ಮಾಡ್ತ್ರಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ಈ ತಿಂಗಳೆಲ್ಲ ಹೋಮಾದ ಕೆಲಸವೇ ಆಯಿತು, ಸರಿಯಾಗಿ ಊಟಕ್ಕೂ ಪುರುಸೊತ್ತಿಲ್ಲ ಎಂದು ನಾನು ಆಗಷ್ಟೇ ಹೇಳಿದ್ದೆ. ಗಣಹೋಮವೋ ನವಗ್ರಹ ಹೋಮವೋ ಎಂಬುದು ಅವಳ ಗೊಂದಲ. ಹೋಮಾ ಎನ್ನುವುದು ಇಲ್ಲಿನ ಒಂದು ಮೂಲನಿವಾಸಿ ಸಮುದಾಯದ ಹೆಸರು, ನಾನಿರುವ ಲೂಯಿಸಿಯಾನಾ ರಾಜ್ಯದ ದಕ್ಷಿಣದ ತುದಿಯಲ್ಲಿ, ಸಮುದ್ರ ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಜೌಗು ನೆಲದಲ್ಲಿ ಇರುವವರು, ಮೀನು ಹಿಡಿಯುವವರು ಎಂದು ವಿವರಿಸಿದೆ. "ಹಾಂಗಾರೆ ನಮ್ಮಂಥವರೇ" ಎಂದಳು. ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಸಮುದಾಯಗಳ ನಡುವಿನ ಆದಾಯದ ಅಂತರ ನನ್ನ ವಿಷಯ. ಅಮೆರಿಕಾದ ಜನಗಣತಿಯವರು ಇಲ್ಲಿನ ಜನರನ್ನು ನೂರಾರು ಹೆಸರುಗಳ ಕೆಳಗೆ ವಿಂಗಡಿಸಿ, ಪ್ರತಿ ಹೆಸರಿನ ಎದುರು ಆದಾಯ, ಬಡತನ, ಓದು, ಸ್ವಂತ ಮನೆ ಎಂದು ಅಂಕಿಗಳನ್ನು ಕೊಡುತ್ತಾರೆ. ಪರಸ್ಪರ ದೂರವಿರುವ ಎರಡು ಸಾಲುಗಳನ್ನು ಆರಿಸಿ, ಅಂತರ ಯಾಕೆ ಬಂತೆಂದು ಒಂದು ಅಧ್ಯಾಯ ಬರೆ ಎಂದು ನನ್ನ ಮಾರ್ಗದರ್ಶಕರು ಹೇಳಿದ್ದರು. ನಾನು ಸಿರಿಯನ್ನರನ್ನೂ ಹೋಮಾ ಜನರನ್ನೂ ಆರಿಸಿಕೊಂಡೆ. ಹೋಮಾ ಏಕೆಂದರೆ ನನ್ನ ಸಹಪಾಠಿಯೊಬ್ಬಳು ಆ ಸಮುದಾಯದವಳು, ಅವಳ ಊರು ಇಲ್ಲಿಂದ ಎರಡು ಗಂಟೆಯ ದಾರಿ. ಸಿರಿಯನ್ನರು ಏಕೆಂದರೆ ವಲಸೆಯ ಬಗ್ಗೆ ಬರೆದ ಪುಸ್ತಕಗಳಲ್ಲಿ ಅವರದು ಎಲ್ಲರೂ ಮೆಚ್ಚಿ ಹೇಳುವ ಕಥೆ. ಬೆನ್ನ ಮೇಲೆ ಗಂಟು ಹೊತ್ತು ಬಂದರು, ಅಂಗಡಿ ಇಟ್ಟರು, ಮಕ್ಕಳನ್ನು ಡಾಕ್ಟರು, ವಕೀಲರು ಮಾಡಿದರು.

ಅಧ್ಯಾಯದ ಮೊದಲ ಕರಡಿನಲ್ಲಿ ಒಂದು ವಾಕ್ಯ ಬರೆದಿದ್ದೆ: "ಈ ಎರಡು ಸಮುದಾಯಗಳ ನಡುವಿನ ಅಂತರದ ಬಹುಪಾಲನ್ನು ಶಿಕ್ಷಣ ಮತ್ತು ಉದ್ಯಮಶೀಲತೆಯಿಂದ ವಿವರಿಸಬಹುದು." ಲೆಕ್ಕ ಸರಿಯಿತ್ತು. ಮಾರ್ಗದರ್ಶಕರೂ ಒಪ್ಪಿದ್ದರು. ಆ ವಾಕ್ಯವನ್ನು ಹೊಡೆದುಹಾಕಲು ನನಗೆ ಒಂದು ಇಡೀ ಸೆಮಿಸ್ಟರ್ ಹಿಡಿಯಿತು.

ಮೊದಲು ಅನುಮಾನ ಬಂದದ್ದು ಸಿರಿಯನ್ ಎಂಬ ಹೆಸರಿನ ಮೇಲೆಯೇ. 1880ರ ದಶಕದಿಂದ ಅಮೆರಿಕಾಕ್ಕೆ ಬಂದ ಸಿರಿಯನ್ನರಲ್ಲಿ ಬಹಳಷ್ಟು ಮಂದಿ ಇಂದಿನ ಲೆಬನಾನಿನ ಬೆಟ್ಟದೂರುಗಳ ಕ್ರೈಸ್ತರು. ಆಗ ಅದೆಲ್ಲ ಒಟ್ಟೋಮನ್ ಸಾಮ್ರಾಜ್ಯ. ವಲಸೆ ದಫ್ತರದವರು 1899ರವರೆಗೆ ಅವರನ್ನು ಏಷ್ಯಾದ ತುರ್ಕಿಯವರ ಲೆಕ್ಕಕ್ಕೇ ಸೇರಿಸುತ್ತಿದ್ದರು. ನ್ಯೂಯಾರ್ಕಿನ ವಾಷಿಂಗ್ಟನ್ ಸ್ಟ್ರೀಟಿನಲ್ಲಿ ಅವರದೇ ಕೇರಿ ಬೆಳೆಯಿತು. ಅಲ್ಲಿನ ಸಗಟು ಅಂಗಡಿಗಳಿಂದ ಸೂಜಿ, ದಾರ, ಲೇಸು, ಜಪಮಣಿಗಳನ್ನು ಸಾಲಕ್ಕೆ ಪಡೆದು ಹಳ್ಳಿಹಳ್ಳಿ ತಿರುಗಿ ಮಾರುತ್ತಿದ್ದರು. ಹೆಂಗಸರೂ ಗಂಟು ಹೊತ್ತು ಹೋಗುತ್ತಿದ್ದರು. ತಿರುಗುತ್ತ ತಿರುಗುತ್ತ ಲೂಯಿಸಿಯಾನಾದ ಊರುಗಳಿಗೂ ಬಂದು ಅಂಗಡಿ ಇಟ್ಟು ನಿಂತರು. ಮುಂದೆ ಲೆಬನಾನ್ ಬೇರೆ ದೇಶವಾದಾಗ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಹಲವರು ತಮ್ಮನ್ನು ಲೆಬನೀಸ್ ಎಂದು ಕರೆದುಕೊಂಡರು, ಕೆಲವರು ಸಿರಿಯನ್ ಆಗಿಯೇ ಉಳಿದರು. 2000ದ ಜನಗಣತಿಯಲ್ಲಿ ತಮ್ಮ ಮೂಲ ಸಿರಿಯಾ ಎಂದು ಬರೆಸಿದವರು ಸುಮಾರು 1,43,000.

ಆ ವರ್ಷದ ಅಂಕಿಗಳನ್ನು ಆಧರಿಸಿದ ಸರಕಾರಿ ವರದಿಯಲ್ಲಿ ಒಂದು ಸೋಜಿಗವಿದೆ. ಎಲ್ಲ ಅರಬ್ ಮೂಲದವರನ್ನು ಒಟ್ಟು ಹಿಡಿದರೆ ಅವರ ಕುಟುಂಬಗಳ ಮಧ್ಯಾಂಕ ಆದಾಯ ಸುಮಾರು 52,300 ಡಾಲರ್. ಇಡೀ ದೇಶದ್ದು 50,000. ಅಂದರೆ ಅವರು ಸರಾಸರಿ ಅಮೆರಿಕನ್ನರಿಗಿಂತ ತುಸು ಮೇಲೆ. ಆದರೆ ಬಡತನದಲ್ಲಿದ್ದವರು ಅವರಲ್ಲಿ ನೂರಕ್ಕೆ 17, ದೇಶದಲ್ಲಿ 12. ಅಂದರೆ ಅವರು ಕೆಳಗೂ ಇದ್ದಾರೆ. ನೂರು ವರ್ಷದ ಹಿಂದೆ ಗಂಟು ಹೊತ್ತು ಬಂದವರ ಮರಿಮಕ್ಕಳೂ ಮೊನ್ನೆ ಮೊನ್ನೆ ವಿಮಾನದಿಂದ ಇಳಿದವರೂ ಒಂದೇ ಹೆಸರಿನ ಕೆಳಗೆ ಕೂತಿದ್ದಾರೆ. 2011ರ ಅಂತರ್ಯುದ್ಧದ ನಂತರ ಇದು ಇನ್ನಷ್ಟು ಕಲಸಿಹೋಯಿತು. 2016ರ ಆರ್ಥಿಕ ವರ್ಷವೊಂದರಲ್ಲೇ 12,500ಕ್ಕೂ ಹೆಚ್ಚು ಸಿರಿಯನ್ ನಿರಾಶ್ರಿತರು ಇಲ್ಲಿಗೆ ಬಂದರು. ಅಲೆಪ್ಪೊದಲ್ಲಿ ಎಲ್ಲ ಕಳೆದುಕೊಂಡು ಬಂದು ಕೋಳಿಮಾಂಸದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡುವವನಿಗೂ, ನಾಲ್ಕನೆಯ ತಲೆಮಾರಿನ ವಕೀಲನಿಗೂ ಸರಾಸರಿ ತೆಗೆದರೆ ಬರುವ ವ್ಯಕ್ತಿ ಯಾರು? ಅಂಥವನೊಬ್ಬ ಎಲ್ಲಿಯೂ ಇಲ್ಲ.

ಇನ್ನು ಹೋಮಾ ಸಾಲಿಗೆ ಬಂದೆ.

ಈ ರಾಜ್ಯದ ರಾಜಧಾನಿಯ ಹೆಸರು ಬ್ಯಾಟನ್ ರೂಜ್. ಫ್ರೆಂಚಿನಲ್ಲಿ ಕೆಂಪು ಕೋಲು ಎಂದರ್ಥ. 1699ರಲ್ಲಿ ಇಬರ್ವಿಲ್ ಎಂಬ ಫ್ರೆಂಚ್ ನಾವಿಕ ಮಿಸಿಸಿಪ್ಪಿ ನದಿಯಲ್ಲಿ ಬರುವಾಗ ದಡದಲ್ಲಿ ನೆಟ್ಟ ಒಂದು ಕೆಂಪು ಕಂಬ ಕಂಡನಂತೆ. ಹೋಮಾ ಜನರ ಬೇಟೆಯ ನೆಲಕ್ಕೂ ಪಕ್ಕದ ಬಯೊಗೂಲಾ ಜನರ ನೆಲಕ್ಕೂ ಅದು ಗಡಿ. ಹಾಗೆ ಗಡಿಗುರುತಿನಿಂದ ರಾಜಧಾನಿಗೆ ಹೆಸರು ಬಂತು, ಗಡಿಯ ಆಚೆಗಿನ ನೆಲ ಮಾತ್ರ ಅವರಿಗೆ ಉಳಿಯಲಿಲ್ಲ. ಒತ್ತಡ ಹೆಚ್ಚಿದಂತೆ ಅವರು ದಕ್ಷಿಣಕ್ಕೆ, ಬೇರೆ ಯಾರಿಗೂ ಬೇಡವಾಗಿದ್ದ ಜೌಗಿನ ಕಡೆಗೆ ಸರಿದರು. ಅಲ್ಲಿ ಸಿಗಡಿ, ಏಡಿ, ಸಿಂಪಿ, ತುಪ್ಪಳದ ಪ್ರಾಣಿಗಳನ್ನು ಹಿಡಿದು ಬದುಕಿದರು, ಫ್ರೆಂಚ್ ಮಾತಾಡಿದರು. ಆಮೇಲೆ ಆ ಜೌಗಿನ ಅಡಿಯಲ್ಲಿ ಎಣ್ಣೆ ಸಿಕ್ಕಿತು. ಓದಲು ಬಾರದ ಇಂಗ್ಲಿಷ್ ಕಾಗದಗಳಿಗೆ ಹಿರಿಯರು ಗುರುತು ಹಾಕಿ ನೆಲ ಕಳೆದುಕೊಂಡರು ಎಂದು ಅವರು ಇಂದಿಗೂ ಹೇಳುತ್ತಾರೆ.

ಓದಲು ಯಾಕೆ ಬರುತ್ತಿರಲಿಲ್ಲ? ನನ್ನ ವಾಕ್ಯ ಮುಗ್ಗರಿಸಿದ್ದು ಇಲ್ಲಿ. 1915ರಲ್ಲಿ ಒಂದು ಮೊಕದ್ದಮೆ ತೀರ್ಮಾನವಾಯಿತು. ದಕ್ಷಿಣ ಕ್ಯಾರೊಲಿನಾದಲ್ಲಿದ್ದ ಜಾರ್ಜ್ ಡೌ ಎಂಬ ಸಿರಿಯನ್ ಪೌರತ್ವಕ್ಕೆ ಅರ್ಜಿ ಹಾಕಿದ್ದ. ಆಗಿನ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರಲ್ಲಿ ಬಿಳಿಯರು ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ಕೆಳಗಿನ ನ್ಯಾಯಾಲಯ ನೀನು ಬಿಳಿಯನಲ್ಲ ಎಂದಿತು. ಮೇಲ್ಮನವಿ ನ್ಯಾಯಾಲಯ ಸಿರಿಯನ್ನರು ಬಿಳಿಯರೇ ಎಂದಿತು. ಅದರ ಜೊತೆಗೆ ಪೌರತ್ವ ಬಂತು, ಮತ ಬಂತು, ಬಿಳಿಯರ ಶಾಲೆಯ ಬಾಗಿಲು ತೆರೆಯಿತು. ಅಲ್ಲಿಂದ ಸುಮಾರು ಎರಡು ವರ್ಷಕ್ಕೆ ಲೂಯಿಸಿಯಾನಾದ ಹೋಮಾ ತಂದೆಯೊಬ್ಬ ತನ್ನ ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸಿಕೊಳ್ಳಿ ಎಂದು ನ್ಯಾಯಾಲಯಕ್ಕೆ ಹೋದ. ಅವನು ಸೋತ. ಹೋಮಾ ಮಕ್ಕಳಿಗೆ ಸಾರ್ವಜನಿಕ ಶಾಲೆಗಳು ನಿಜವಾಗಿ ತೆರೆದದ್ದು 1960ರ ದಶಕದಲ್ಲಿ.

ನನ್ನ ಕೋಷ್ಟಕದಲ್ಲಿ "ಶಿಕ್ಷಣ" ಎಂಬುದು ಒಂದು ಕಾರಣ. ಆದರೆ ಶಿಕ್ಷಣವೇ ಎರಡು ತೀರ್ಪುಗಳ ಫಲ. ಫಲವನ್ನೇ ಕಾರಣವೆಂದು ಬರೆದು ಸಹಿ ಹಾಕಿದ್ದೆ.

ಇದನ್ನು ಓದುವಾಗ ನಮ್ಮವರೂ ನೆನಪಾದರು. ಡೌ ಗೆದ್ದ ಎಂಟು ವರ್ಷಕ್ಕೆ, 1923ರಲ್ಲಿ, ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿನವನು ಅದೇ ಪ್ರಶ್ನೆಯೊಂದಿಗೆ ಸುಪ್ರೀಂ ಕೋರ್ಟಿನವರೆಗೆ ಹೋದ. ಮೊದಲ ಮಹಾಯುದ್ಧದಲ್ಲಿ ಅಮೆರಿಕಾದ ಸೈನ್ಯದಲ್ಲಿದ್ದವನು. ಭಾರತೀಯರು ಬಿಳಿಯರಲ್ಲ ಎಂದು ತೀರ್ಪಾಯಿತು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಂಡರು. ಈಗ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅಮೆರಿಕಾದಲ್ಲಿ ಅತಿ ಹೆಚ್ಚು ಸಂಪಾದಿಸುವವರು ಭಾರತೀಯರೇ ಎಂಬ ಸಂದೇಶ ತಿಂಗಳಿಗೊಮ್ಮೆ ಬರುತ್ತದೆ. ಆ ಸಾಲು ಮೇಲೆ ಹೋದದ್ದು 1965ರ ನಂತರ ಓದಿದವರನ್ನೇ ಆರಿಸಿ ವೀಸಾ ಕೊಟ್ಟದ್ದರಿಂದ ಎಂದು ಒಮ್ಮೆ ಬರೆದೆ. ದೊಡ್ಡಪ್ಪ ಕೈಮುಗಿಯುವ ಚಿಹ್ನೆ ಕಳಿಸಿ ಸುಮ್ಮನಾದರು.

ಮಾರ್ಚ್ ತಿಂಗಳ ಒಂದು ಶನಿವಾರ ಸಹಪಾಠಿ ನನ್ನನ್ನು ತನ್ನ ಅಜ್ಜನ ಮನೆಗೆ ಕರೆದುಕೊಂಡು ಹೋದಳು. ಊರು ಡ್ಯುಲಾಕ್. ರಸ್ತೆಯ ಒಂದು ಬದಿಗೆ ಬೈಯು, ಅಂದರೆ ನಿಧಾನಕ್ಕೆ ಹರಿಯುವ ಹೊಳೆ. ಇನ್ನೊಂದು ಬದಿಗೆ ಎತ್ತರದ ಕಂಬಗಳ ಮೇಲೆ ನಿಂತ ಮನೆಗಳು. ಉಪ್ಪುನೀರು ಬೇರಿಗೆ ತಾಗಿ ಒಣಗಿದ ಓಕ್ ಮರಗಳು ಬೆಳ್ಳಗೆ ನಿಂತಿದ್ದವು. ಲೂಯಿಸಿಯಾನಾದ ಕರಾವಳಿ 1932ರಿಂದ ಈಚೆಗೆ ಸುಮಾರು 4,800 ಚದರ ಕಿಲೋಮೀಟರ್ ನೆಲ ಕಳೆದುಕೊಂಡಿದೆ. ನಮ್ಮ ಕೊಡಗು ಜಿಲ್ಲೆಗಿಂತ ಹೆಚ್ಚು. ನದಿಗೆ ಒಡ್ಡು ಕಟ್ಟಿದ್ದರಿಂದ ಹೊಸ ಮಣ್ಣು ಬರುವುದಿಲ್ಲ, ಎಣ್ಣೆಗಾಗಿ ತೋಡಿದ ಕಾಲುವೆಗಳಲ್ಲಿ ಸಮುದ್ರ ಒಳಗೆ ನುಗ್ಗುತ್ತದೆ. 2021ರ ಆಗಸ್ಟ್ 29ರಂದು ಬಂದ ಐಡಾ ಚಂಡಮಾರುತ ಅಜ್ಜನ ಮನೆಯ ಮಾಡನ್ನು ಪೂರ್ತಿ ಎತ್ತಿಕೊಂಡು ಹೋಗಿತ್ತು.

ಅಜ್ಜ ಏಳನೆಯ ತರಗತಿಯವರೆಗೆ ಓದಿದವರು. ಓದು ಸಾಕೆಂದು ಬಿಟ್ಟದ್ದಲ್ಲ. ಅವರ ಮಕ್ಕಳಿಗೆಂದೇ ಇದ್ದ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. "ನೀನು ಯಾವ ಇಂಡಿಯನ್?" ಎಂದು ನಗುತ್ತ ಕೇಳಿದರು. ಹೇಳಿದೆ. "ಓಹೋ, ಸಿಗಡಿಯ ಇಂಡಿಯನ್" ಎಂದರು.

ಮೊದಲು ಅರ್ಥವಾಗಲಿಲ್ಲ. ಕೆಲವು ವರ್ಷಗಳಿಂದ ಅಮೆರಿಕಾ ಆಮದು ಮಾಡಿಕೊಳ್ಳುವ ಸಿಗಡಿಯಲ್ಲಿ ಅತಿ ದೊಡ್ಡ ಪಾಲು ಭಾರತದ್ದು, ಅದರಲ್ಲೂ ಆಂಧ್ರದ ಕೊಳಗಳಲ್ಲಿ ಸಾಕಿದ್ದು. ಅದು ಬಂದಷ್ಟೂ ಇಲ್ಲಿ ಬಲೆ ಹಾಕಿ ಹಿಡಿದ ಸಿಗಡಿಗೆ ಬೆಲೆ ಇಳಿಯುತ್ತದೆ. ಡೀಸೆಲಿನ ಖರ್ಚೂ ಹುಟ್ಟುವುದಿಲ್ಲ ಎಂದರು ಅಜ್ಜ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಆದರೂ ನನಗೆ ತಲೆಯೆತ್ತಲಾಗಲಿಲ್ಲ. ಎರಡು ಸಾಲುಗಳನ್ನು ದೂರದಿಂದ ಅಳೆಯುತ್ತಿದ್ದೇನೆ ಎಂದುಕೊಂಡಿದ್ದವಳಿಗೆ, ಅವರ ಬೆಲೆಪಟ್ಟಿಯಲ್ಲಿ ನಾವೂ ಇದ್ದೇವೆ ಎಂದು ತಿಳಿದದ್ದು ಆಗ.

ಹೋಮಾ ಸಮುದಾಯದ ಸದಸ್ಯರು 17,000ಕ್ಕೂ ಹೆಚ್ಚು. ರಾಜ್ಯ ಸರಕಾರ 1972ರಲ್ಲೇ ಅವರನ್ನು ಮಾನ್ಯ ಮಾಡಿದೆ. ಅವರ ಹೆಸರಿನದೇ ನಗರವಿದೆ. ಆದರೆ 1994ರಲ್ಲಿ ಒಕ್ಕೂಟ ಸರಕಾರದ ಅಧಿಕಾರಿಗಳು, ನೀವು ಚರಿತ್ರೆಯ ಆ ಹೋಮಾ ಬುಡಕಟ್ಟಿನ ಸಂತತಿ ಎನ್ನುವುದಕ್ಕೆ ದಾಖಲೆ ಸಾಲದು ಎಂಬ ಪ್ರಾಥಮಿಕ ನಿರ್ಣಯಕ್ಕೆ ಬಂದರು. ಆ ಮಾನ್ಯತೆ ಇಲ್ಲದ ಬುಡಕಟ್ಟಿಗೆ ಮೂಲನಿವಾಸಿಗಳಿಗೆಂದೇ ಇರುವ ಒಕ್ಕೂಟ ಸರಕಾರದ ಆಸ್ಪತ್ರೆಯ ಸೌಲಭ್ಯವಿಲ್ಲ, ಒಟ್ಟಾಗಿ ಕಾಯ್ದುಕೊಳ್ಳುವ ಮೀಸಲು ನೆಲವಿಲ್ಲ. ಯಾವ ಜನರಿಗೆ ಶಾಲೆ ಕೊಡದೆ ಕಾಗದದಿಂದ ದೂರ ಇಟ್ಟರೋ ಅವರನ್ನೇ ಕಾಗದ ತನ್ನಿ ಎನ್ನುತ್ತಾರೆ.

ವಾಪಸು ಬರುವಾಗ ನನಗೆ ಅಪ್ಪನ ಆದಾಯ ಪ್ರಮಾಣಪತ್ರ ನೆನಪಾಯಿತು. ಪಿಯುಸಿಯಲ್ಲಿ ವಿದ್ಯಾರ್ಥಿವೇತನಕ್ಕೆ ಬೇಕಿತ್ತು. ಅಪ್ಪ ಗಂಗೊಳ್ಳಿಯಲ್ಲಿ ಬೇರೆಯವರ ಬೋಟಿಗೆ ಹೋಗುತ್ತಿದ್ದವರು. ನಾಡಕಚೇರಿಯಲ್ಲಿ ತಿಂಗಳಿಗೆ ಎಷ್ಟು ಎಂದು ಕೇಳಿದಾಗ, "ಮಳೆಗಾಲ ಸೇರಿಸಿಯಾ, ಬಿಟ್ಟಾ?" ಎಂದರು. ಜೂನ್, ಜುಲೈ ಬೋಟು ನೀರಿಗೆ ಇಳಿಯುವುದಿಲ್ಲವಲ್ಲ. ಕೊನೆಗೆ ಒಂದು ಅಂಕಿ ಬರೆದದ್ದಾಯಿತು. ಅದರಲ್ಲಿ ಅಪ್ಪ ದಿನಾ ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಿದ್ದ ಬಂಗುಡೆ, ಬೂತಾಯಿ, ಚಟ್ಲಿ ಇರಲಿಲ್ಲ. ಪಕ್ಕದ ಮನೆಗೆ ಕೊಟ್ಟದ್ದೂ, ಅವರು ಬದಲಿಗೆ ಕೊಟ್ಟ ತೆಂಗಿನಕಾಯಿಯೂ ಇರಲಿಲ್ಲ. ಮೈಯ ಉಪ್ಪು, ಸಾಲದ ಬಡ್ಡಿ ಕೂಡ ಇರಲಿಲ್ಲ. ಆ ಅಂಕಿ ಸುಳ್ಳಾಗಿತ್ತು ಎನ್ನಲಾರೆ. ಅದರಿಂದಲೇ ನಾನು ಓದಿದೆ. ಆದರೆ ಅದನ್ನು ನೋಡಿ ಯಾರಾದರೂ ನಮ್ಮ ಮನೆ ಹೇಗಿತ್ತು ಎಂದು ಅಧ್ಯಾಯ ಬರೆದಿದ್ದರೆ ಅಪ್ಪ ನಗುತ್ತಿದ್ದರು.

ಅಧ್ಯಾಯವನ್ನು ಮತ್ತೆ ಬರೆದೆ. ಅಂಕಿಗಳನ್ನು ಬಿಡಲಿಲ್ಲ. 2000ದ ಜನಗಣತಿಯಲ್ಲಿ ದೇಶದ ಮೂಲನಿವಾಸಿಗಳಲ್ಲಿ ನಾಲ್ವರಲ್ಲಿ ಒಬ್ಬರು ಬಡತನದ ರೇಖೆಯ ಕೆಳಗಿದ್ದರು ಎಂಬುದು ಗೊತ್ತಾಗದೆ ಹೋದರೆ ಜಗಳ ಆಡುವುದಕ್ಕೂ ಆಧಾರವಿರುವುದಿಲ್ಲ. ಆದರೆ ಸಿರಿಯನ್ ಸಾಲನ್ನು ಬಂದ ಕಾಲದ ಪ್ರಕಾರ ಒಡೆದೆ. ಹೋಮಾ ಸಾಲಿನ ಪಕ್ಕದಲ್ಲಿ ಶಾಲೆ ತೆರೆದ ವರ್ಷ, ನೆಲ ಹೋದ ಲೆಕ್ಕ ಸೇರಿಸಿದೆ. "ಉದ್ಯಮಶೀಲತೆ" ಎಂಬ ಪದ ತೆಗೆದೆ. ಬೆಳಗಿನ ಮೂರಕ್ಕೆ ಬಲೆ ಎತ್ತುವವರಿಗೆ ಅದು ಇಲ್ಲವೆಂದು ಹೇಳುವ ಧೈರ್ಯ ನನಗಿರಲಿಲ್ಲ. ಇದು ಅರ್ಥಶಾಸ್ತ್ರವೋ ಚರಿತ್ರೆಯೋ ಎಂದು ಮಾರ್ಗದರ್ಶಕರು ಅಂಚಿನಲ್ಲಿ ಬರೆದರು. ಪದವಿ ಆರು ತಿಂಗಳು ಮುಂದಕ್ಕೆ ಹೋಯಿತು.

ಅಮ್ಮನಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. ತೀರ್ಪು, ಮಾನ್ಯತೆ, ನಮ್ಮ ಸಿಗಡಿಯಿಂದ ಅವರ ಬೆಲೆ ಬಿದ್ದದ್ದು, ಎಲ್ಲ. ಅವಳು ಹೂಂಗುಟ್ಟುತ್ತ ಕೇಳಿ ಕೊನೆಗೆ ಒಂದೇ ಮಾತು ಕೇಳಿದಳು: "ಮನೆ ಸಾರಿಗೆ ಸ್ವಲ್ಪ ಉಳಿಸ್ಕಂಡಿದ್ರಾ?"

ಉಳಿಸಿಕೊಂಡಿದ್ದರು. ಹೊರಡುವಾಗ ಅಜ್ಜ ನನಗೂ ಒಂದು ಚೀಲ ಕಟ್ಟಿಕೊಟ್ಟಿದ್ದರು.